ನಾಲಿಗೆಯಡಿಯ ಗುಳಿಗೆ

ತನಗೆ ಕೊಲೆಸ್ಟ್ರಾಲ್ ಏರಿದೆ ಎಂದು ಕೇಳಿ ಶಲವಡಿಯ ಅನ್ನವ್ವನಿಗೆ ಖುಷಿಯಾಯಿತು. ನಗಬೇಡಿ. ಲಾರಿ ಓಡಿಸುತ್ತಿದ್ದ ಗಂಡ ಸಾಯುವಾಗ ಬಿಟ್ಟುಹೋದ ಎಚ್‌ಐವಿಯನ್ನು ಆಕೆ ವರ್ಷಗಟ್ಟಲೆ ಒಬ್ಬಳೇ ಹೊತ್ತಿದ್ದಳು. ಗುಳಿಗೆಗಳನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ಬಚ್ಚಿಟ್ಟು, ಔಷಧ ತರಲು ಹುಬ್ಬಳ್ಳಿಗೆ ಹೋಗುವಾಗಲೆಲ್ಲ ‘ರಕ್ತ ಕಡಿಮಿ ಐತಿ’ ಎಂದು ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. ಈಗ ನಾಲ್ಕು ಜನರೆದುರು ಹೇಳಿಕೊಳ್ಳಬಹುದಾದ ರೋಗವೊಂದು ಸಿಕ್ಕಿತ್ತು. ಅದೂ ಉಳ್ಳವರ ರೋಗ.

ಹುಬ್ಬಳ್ಳಿ ಆಸ್ಪತ್ರೆಯ ಸಿಸ್ಟರ್ ಮಾತ್ರ ಬಿಡಿಸಿ ಹೇಳಿದ್ದಳು. “ನಿಮ್ಮ ಔಷಧದಿಂದನೂ ಕೊಬ್ಬು ಏರತೈತ್ರಿ. ಬೆಣ್ಣಿ, ಕರದದ್ದು ಬಿಡ್ರಿ, ದಿನಾ ನಡೀರಿ. ಸೋಮವಾರ ಬರ್ರಿ, ನಿಮ್ಮ ಔಷಧಕ್ಕ ಹೊಂದೂ ಗುಳಿಗಿ ಡಾಕ್ಟರ್ ಬರದು ಕೊಡ್ತಾರ. ಅಲ್ಲೀತನಕ ಬ್ಯಾರೆಯವರು ಕೊಟ್ಟದ್ದು ನುಂಗಬ್ಯಾಡ್ರಿ. ಕೆಲವು ಗುಳಿಗಿ ಇದರ ಜೋಡಿ ಕೂಡಿದ್ರ ಕೇಡು ಮಾಡ್ತಾವ.”

ಮನೆಯಲ್ಲಿ ನೆಗೆಣ್ಣಿ ನಂದಾ ಎಂದಿನಂತೆ ರೊಟ್ಟಿಯ ಮೇಲೆ ಬೆಣ್ಣೆಯ ಮುದ್ದೆ ಇಟ್ಟಳು. ಬೆಣ್ಣೆ ಬೇಡವೆಂದರೆ ಎಮ್ಮೆ ಕಟ್ಟಿದ ಮನೆಗೇ ಅವಮಾನ ಮಾಡಿದಂತೆ ತಿಳಿಯುವ ಜನ ನಮ್ಮವರು.

“ಬ್ಯಾಡಕ್ಕಾ, ನನಗ ಕೊಲೆಸ್ಟ್ರಾಲ್ ಐತಂತ,” ಅಂದಳು ಅನ್ನವ್ವ. ಅಲ್ಲೇ ಎಡವಿದಳು ನೋಡಿ.

ನಂದಾಳ ಗಂಡ ಕುಬೇರಪ್ಪನ ಮುಖ ಅರಳಿತು. ಅವನಿಗೂ ಅದೇ ರೋಗ, ಪಥ್ಯಕ್ಕೆ ಜೊತೆ ಸಿಕ್ಕ ಸಂತೋಷ. “ಇಷ್ಟಕ್ಕ ಹುಬ್ಬಳ್ಳಿತನಕ ಯಾಕ ಅಡ್ಡಾಡ್ತಿ? ಅಣ್ಣಿಗೇರ್ಯಾಗ ನಮ್ಮ ಡಾಕ್ಟರ್ ಅದಾರ.”

ಮರುದಿನವೇ ಕರೆದೊಯ್ದ. ಡಾಕ್ಟರ ಎದುರು ತಾನೂ ಕುರ್ಚಿ ಎಳೆದು ಕೂತ.

“ಬ್ಯಾರೆ ಏನರೆ ಗುಳಿಗಿ ತಗೋತೀರೇನ್ರಿ?” ಎಂದು ಡಾಕ್ಟರು ಅನ್ನವ್ವನನ್ನು ಕೇಳಿದರು.

“ಏನೂ ಇಲ್ರಿ ಸಾಹೇಬ್ರ,” ಎಂದ ಕುಬೇರಪ್ಪ. “ನಮ್ಮ ಮನಿ ಹೆಣ್ಮಗಳು, ನನಗ ಗೊತ್ತಿಲ್ಲೇನ್ರಿ?” ‘ರಕ್ತ ಕಡಿಮಿ’ ಎನ್ನುತ್ತಿದ್ದಳಲ್ಲ ಎಂದು ಅದನ್ನೂ ತಪಾಸಣೆ ಮಾಡಿಸಿದ. ಕಡಿಮೆ ಇಲ್ಲವೇ ಇಲ್ಲ, ಭರ್ತಿ ಇದೆ ಎಂದು ಬಂತು. ಸಿಟ್ಟು ಮಾಡೋಣವೆಂದರೆ ಮನುಷ್ಯ ಅಗದಿ ಒಳ್ಳೆಯವನು, ಅದೇ ನನಗೆ ಸಿಟ್ಟು.

ಅಂದು ಊಟವಾದ ಮೇಲೆ ನಂದಾ ಆ ಡಾಕ್ಟರು ಬರೆದ ಗುಳಿಗೆಯನ್ನು ಅನ್ನವ್ವನ ಅಂಗೈಗಿಟ್ಟು, ನೀರಿನ ತಂಬಿಗೆ ಹಿಡಿದು ಎದುರಿಗೇ ನಿಂತಳು. ಅನ್ನವ್ವ ನೀರು ಕುಡಿದಳು, ಗುಳಿಗೆಯನ್ನು ನಾಲಿಗೆಯಡಿ ಉಳಿಸಿಕೊಂಡಳು. ಬಚ್ಚಲಿಗೆ ಹೋಗಿ ಉಗುಳಿದರೆ ಮುಗಿಯಿತು.

“ಕುಂದರವ್ವಾ,” ಅಂದ ಕುಬೇರಪ್ಪ. “ಸೋಮವಾರ ಹುಬ್ಬಳ್ಳಿಗೆ ಹೋಗಾಕಿದ್ದೆಲ್ಲಾ, ಇನ್ನ ಬ್ಯಾಡ ಬಿಡು. ಎಲ್ಲಾರೂ ಹೊಲಕ್ಕ ಹೋಗೂಣು. ಕಡ್ಲಿ ಕೀಳೂದೈತಿ.”

ಅನ್ನವ್ವ ತಲೆಯಲ್ಲಾಡಿಸಿದಳು.

“ಹೂಂ ಅಂತೀಯೋ, ಊಹೂಂ ಅಂತೀಯೋ? ಬಾಯಿಬಿಟ್ಟು ಹೇಳವ್ವಾ.”

ಟ್ರಂಕಿನಲ್ಲಿದ್ದ ಎಚ್‌ಐವಿ ಗುಳಿಗೆಗಳು ಸೋಮವಾರಕ್ಕೆ ತೀರುತ್ತಿದ್ದವು. ಮಾತಾಡಲೇಬೇಕಿತ್ತು. ನಾಲಿಗೆಯಡಿ ಕಹಿ ಕರಗುತ್ತಿತ್ತು. ಅನ್ನವ್ವ ಗುಳಿಗೆ ನುಂಗಿದಳು.

“ಇಲ್ರಿ ಭಾವಾರ, ಹುಬ್ಬಳ್ಳಿಗೆ ಹೋಗಬೇಕ್ರಿ.”

“ಯಾಕವ್ವಾ?”

ಹೇಳಬಹುದಾದ ರೋಗವನ್ನು ಆಕೆ ಆಗಲೇ ಹೇಳಿಯಾಗಿತ್ತು.