ಚಾದರ ಹೊದ್ದ ಲೆಕ್ಕ

ಅಕ್ಕಲಕೋಟೆಯ ಗುಡಿಯಲ್ಲಿ ಗುರುವಾರ ಪ್ರದಕ್ಷಿಣೆ ಹಾಕುವುದು ನಾನಲ್ಲ ಎಂದು ಮೊದಲೇ ಕನ್ಫೆಸ್ ಮಾಡಿಬಿಡುತ್ತೇನೆ. ನನ್ನ ಹಿಂದಿರುವ ಹೆಂಗಸಿನ ಮೊಣಕೈ ಹಾಕಿಸುತ್ತದೆ. ಒಮ್ಮೆ ಕೈಯಿಂದ ಜಾರಿದ ಕರ್ಚೀಫಿಗಾಗಿ ಎರಡು ಹೆಜ್ಜೆ ಹಿಂದೆ ಹೋಗಲು ನೋಡಿದೆ. ಬಿಡಲಿಲ್ಲ. ಪೂರ್ತಿ ಸುತ್ತು ಬಂದಮೇಲೆಯೇ ಅದು ಸಿಕ್ಕಿತು. ಅಷ್ಟರಲ್ಲಿ ಅರ್ಧ ಅಕ್ಕಲಕೋಟೆ ಅದರ ಮೇಲೆ ನಡೆದುಹೋಗಿತ್ತು. ನಮ್ಮ ಕಾನ್ವೆಂಟಿನ ಪ್ರೇಯರ್ ಸಾಲಿನಲ್ಲೂ ಇಂಥ ಡಿಸಿಪ್ಲಿನ್ ಇರಲಿಲ್ಲ.

ಇದನ್ನು ಕೇಳಿ ನನ್ನ ತಮ್ಮನ ಮಗಳು ವೀಣಾ ನಗಲಿಲ್ಲ. “ಆತ್ಯಾ, ನನ್ನ ಪಿಎಚ್‌ಡಿ ಅಂದ್ರ ಇದs ನೋಡು” ಅಂದಳು. ಅವಳು ಪುಣೆಯಲ್ಲಿ ಕ್ವಾಂಟಮ್ ಕೆಮಿಸ್ಟ್ರಿ ಓದುತ್ತಿದ್ದಳು. ಅವಳ ಪ್ರಕಾರ, ಕಣ್ಣಿಗೆ ಕಾಣದಷ್ಟು ಸಣ್ಣ ಅಣುವಿನಲ್ಲೂ ಮೋಟರು ಕಟ್ಟಬಹುದು. ಬೆಳಕು ಬಿದ್ದರೆ ಅದರ ಅರ್ಧ ಭಾಗ ಇನ್ನರ್ಧದ ಸುತ್ತ ತಿರುಗುತ್ತದೆ. ಆದರೆ ಎರಡೂ ಭಾಗಗಳ ಅಂಚು ಒಂದಕ್ಕೊಂದು ತಾಗಿ ದಾರಿಯಲ್ಲಿ ಹಿಂದೊಂದು ಮುಂದೊಂದು ಗುಡ್ಡ ಏಳುತ್ತದೆ. ಮುಂದಿನ ಗುಡ್ಡ ತಗ್ಗಾಗಿ ಹಿಂದಿನದು ಎತ್ತರವಾಗಿದ್ದರೆ ಅಣು ಒಂದೇ ದಿಕ್ಕಿಗೆ ಸುತ್ತುತ್ತದೆ. ಎರಡೂ ಸಮನಾಗಿದ್ದರೆ ಅತ್ತಿತ್ತ ಓಲಾಡುತ್ತದೆ, ಮೋಟರಲ್ಲ, ತೊಟ್ಟಿಲು. ನಮ್ಮ ಕಾಲದಲ್ಲಿ ಹುಡುಗಿಯರಿಗೆ ಕೆಮಿಸ್ಟ್ರಿಯ ಬದಲು ಎಂಬ್ರಾಯ್ಡರಿ ಕಲಿಸುತ್ತಿದ್ದರು. ಹಾಗಾಗಿ ಈ ಹುಡುಗಿ ಮಾತಾಡುವಾಗ ನಾನು ತಿಳಿದಷ್ಟಕ್ಕೂ ತಿಳಿಯದಷ್ಟಕ್ಕೂ ತಲೆ ಆಡಿಸುತ್ತಿದ್ದೆ.

ವೀಣಾಳ ಅಣುವನ್ನು ಯಾರೂ ಇನ್ನೂ ಮಾಡಿರಲಿಲ್ಲ. ಅದು ಕಂಪ್ಯೂಟರಿನಲ್ಲಿ ಮಾತ್ರ ಇತ್ತು. ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಎಲೆಕ್ಟ್ರಾನುಗಳನ್ನೆಲ್ಲ ಲೆಕ್ಕ ಹಾಕಿ, ಗುಡ್ಡದ ಎತ್ತರ ಅಳೆಯಬೇಕು. ಡಿಪಾರ್ಟ್‌ಮೆಂಟಿನ ಕಂಪ್ಯೂಟರಿಗೆ ಪಾಳಿ ಸಿಗದೆ, ನವರಾತ್ರಿಯ ರಜೆಯಲ್ಲಿ ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಮನೆಯ ಕಂಪ್ಯೂಟರಿಗೆ ಆ ಕೆಲಸ ಹಚ್ಚಿದ್ದಳು. ದಸರೆಯ ಮರುದಿನ ಗೈಡಿಗೆ ಫಲಿತಾಂಶ ತೋರಿಸಬೇಕು. ತೋರಿಸದಿದ್ದರೆ ಈ ವಿಷಯ ಬಿಟ್ಟು ಸಾಬೂನಿನ ನೊರೆಯ ಮೇಲೆ ಕೆಲಸ ಮಾಡಬೇಕೆಂದು ಅವರು ಹೇಳಿದ್ದರು. ಸಾಬೂನಿನ ಹೆಸರು ತೆಗೆದರೇ ಹುಡುಗಿಯ ಕಣ್ಣು ತುಂಬುತ್ತಿತ್ತು. ಹಗಲೂ ರಾತ್ರಿ ಯಂತ್ರ ಗುಂಯ್‌ಗುಡುತ್ತಿತ್ತು.

ಅಷ್ಟರಲ್ಲಿ ಖಂಡೆ ನವಮಿ, ಅಂದರೆ ಆಯುಧಪೂಜೆ, ಬಂತು. ಮಗ್ಗಗಳ ಊರಾದ ಸೊಲ್ಲಾಪುರದಲ್ಲಿ ಅಂದು ಮಗ್ಗವೂ ಸುಮ್ಮನಿರುತ್ತದೆ. ನಮ್ಮ ಮನೆಯಲ್ಲಿ ಕತ್ತರಿ, ಮಿಕ್ಸರ್, ಸ್ಕೂಟರ್, ನನ್ನ ಫೌಂಟನ್ ಪೆನ್ನು ಎಲ್ಲಕ್ಕೂ ಕುಂಕುಮ ಬಿದ್ದು, ದಸರೆಯ ಬೆಳಗಿನವರೆಗೆ ರಜೆ. ವೀಣಾಳ ತಾಯಿ ಮಂಗಲಾ ಚೆಂಡುಹೂವಿನ ಮಾಲೆ ಹಿಡಿದು ಕಂಪ್ಯೂಟರಿನ ಮುಂದೆ ನಿಂತಳು.

“ಇದನ್ನ ಬಂದ್ ಮಾಡು. ಹಬ್ಬದ ದಿನಾನೂ ದುಡಸ್ತೀಯೇನ ಅದನ್ನ?”

“ಆಯಿ, ಅದು ಯಂತ್ರ ಅದ.”

“ಯಂತ್ರ ಅಂತs ಪೂಜಾ ಮಾಡಾಕತ್ತೀನಿ. ಮನಷಾ ಆಗಿದ್ರ ಚಾ ಕೊಡ್ತಿದ್ನಿ.”

ವೀಣಾ ಜಾಣತನ ಮಾಡಿದಳು. ಮೇಲಿನ ಪರದೆಯನ್ನಷ್ಟೇ ಆರಿಸಿದಳು. ಕೆಳಗಿನ ಪೆಟ್ಟಿಗೆ ನಡೆಯುತ್ತಲೇ ಇತ್ತು. ಕತ್ತಲಾದ ಪರದೆಗೆ ಮಂಗಲಾ ಮಾಲೆ ಹಾಕಿದಳು, ಆರತಿ ಎತ್ತಿದಳು. ಅವಳ ಭಕ್ತಿಗೆ ಅಷ್ಟರಿಂದ ಸಮಾಧಾನವಾಗಿದ್ದರೆ ಚೆನ್ನಾಗಿತ್ತು. ದುಡಿದವರು ಹಬ್ಬದ ದಿನ ಬರೀ ಮೈಯಲ್ಲಿ ಕೂರಬಾರದೆಂದು, ನಾವು ಊಟಕ್ಕೆ ಕೂತಾಗ ಟ್ರಂಕಿನಿಂದ ಹೊಸ ಸೊಲ್ಲಾಪುರಿ ಚಾದರ ತೆಗೆದು ಆ ಪೆಟ್ಟಿಗೆಗೆ ನಾಲ್ಕೂ ಕಡೆ ಬಿಗಿಯಾಗಿ ಹೊದಿಸಿದಳು. ನಮ್ಮೂರ ಚಾದರ ಎಷ್ಟು ಬೆಚ್ಚಗಿರುತ್ತದೆಂದು ನಿಮಗೆ ಹೇಳಬೇಕಿಲ್ಲ.

ಊಟ ಮುಗಿಸಿ ಬಂದರೆ ಗುಂಯ್ ಎನ್ನುವ ಸದ್ದಿಲ್ಲ. ಚಾದರ ತೆಗೆದರೆ ಪೆಟ್ಟಿಗೆ ತವೆಯಂತೆ ಕಾದು ತಾನಾಗಿಯೇ ನಿಂತಿದೆ. ವೀಣಾ ಆ ಚಾದರವನ್ನು ತಾಯಿಯ ಮುಂದೆ ಹಿಡಿದಳು.

“ಅದಕ ಗಾಳಿ ಬೇಕಾಗ್ತದ ಆಯಿ. ನಡದಿತ್ತದು.”

“ನಡದದ ಅಂತ ನನಗ ಯಾರ ಹೇಳ್ಯಾರ?” ಅಂದಳು ಮಂಗಲಾ. “ದೇವರ ಮುಂದ ನನ್ನ ಕಡಿಂದ ಸುಳ್ಳ ಆರತಿ ಮಾಡ್ಸೀದಿ, ಹೌದಿಲ್ಲೊ?”

ವೀಣಾ ತಗ್ಗಿದ ದನಿಯಲ್ಲಿ, ಅಲ್ಲಿಯವರೆಗಿನ ಲೆಕ್ಕ ಉಳಿದಿರುತ್ತದೆ, ಆದರೆ ಈಗಲೇ ಹಚ್ಚಿದರೆ ಮಾತ್ರ ನಾಳೆಗೆ ಮುಗಿದೀತು ಅಂದಳು. ಹಾಗೆಂದರೆ ನವಮಿಯ ದಿನ, ಪೂಜೆಯಾದ ಮೇಲೆ, ತಾಯಿಯ ಕಣ್ಣೆದುರಿಗೆ.

ಮಂಗಲಾ ಚಾದರವನ್ನು ಮಡಿಸಿದಳು. ತುಂಬಾ ನಿಧಾನವಾಗಿ ಮಡಿಸಿದಳು. “ಸಾಬೂನ ನಾ ಮನ್ಯಾಗ ದಿನಾ ತಿಕ್ತೀನಿ” ಅಂದಳು. “ಅದನ್ನ ನೀ ಏನ ಕಲೀತಿ? ಹಚ್ಚು.” ಮಾಲೆ ತೆಗೆದು ತಾನೇ ಕಿಟಕಿ ತೆರೆದಳು. ಮಿಕ್ಸರಿಗೆ, ಸ್ಕೂಟರಿಗೆ ಮಾತ್ರ ರಜೆ ಮುಂದುವರಿಯಿತು, ನನ್ನ ಪೆನ್ನಿಗೂ. ಬೀಸಣಿಗೆ ಹಿಡಿದು ಪೆಟ್ಟಿಗೆಯ ಪಕ್ಕದಲ್ಲಿ ಕೂತವಳು ಸಂಜೆಯ ಚಹಾಕ್ಕೂ ಏಳಲಿಲ್ಲ.

ದಸರೆಯ ಮಧ್ಯಾಹ್ನ ಬನ್ನಿ ಕೊಡಲು ಬಂದವರನ್ನೆಲ್ಲ ಹೊರಗೇ ಕೂರಿಸಿ ವೀಣಾ ಪರದೆ ನೋಡುತ್ತಿದ್ದಳು. ಲೆಕ್ಕ ಮುಗಿಯಿತು. ಹಿಂದಿನ ಗುಡ್ಡ ಎತ್ತರ, ಮುಂದಿನದು ತಗ್ಗು. ಅವಳ ಅಣು ಒಂದೇ ದಿಕ್ಕಿಗೆ ತಿರುಗುತ್ತದೆ. ಗೈಡಿಗೆ ಫೋನ್ ಮಾಡಿದಳು. ಸಾಬೂನು ಬೇಡ, ಇದನ್ನೇ ಮುಂದುವರಿಸು ಅಂದರಂತೆ. ನಾನು ಕನ್ನಡಕ ಒರೆಸುವ ನೆಪ ಮಾಡಿದೆ.

ಮಂಗಲಾ ಬೀಸಣಿಗೆ ಕೆಳಗಿಟ್ಟು ಕೇಳಿದಳು. “ಏನ ಗೊತ್ತಾತ ಕಡೀಗೆ?”

“ಹಿಂದಕ್ಕ ಹೋಗೂದು ಭಾಳ ಕಠಿಣ ಅದ ಆಯಿ. ಅದಕ್ಕs ಅದು ಮುಂದ ಮುಂದ ಹೋಗ್ತದ.”

“ಇಷ್ಟs?” ಅಂದಳು ಮಂಗಲಾ, ಮೊಣಕಾಲಿಗೆ ಕೈ ಕೊಟ್ಟು ಏಳುತ್ತ. “ಲಗ್ನಾ ಮಾಡ್ಕೊಂಡಿದ್ರ ಕಂಪ್ಯೂಟರ್ ಇಲ್ಲದs ತಿಳೀತಿತ್ತು.”

ಆ ಕೋಣೆಯಲ್ಲಿ ಲಗ್ನವಾಗದವರು ನಾವಿಬ್ಬರಿದ್ದೆವು. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದನ್ನು ಲೆಕ್ಕ ಮಾಡಿ ತಿಳಿದುಕೊಂಡದ್ದೇ ಮೇಲೆಂದು ಇಬ್ಬರಿಗೂ ಅನ್ನಿಸಿತು, ಹೇಳುವ ಧೈರ್ಯವಾಗಲಿಲ್ಲ.