ಆಗದ ಮದುವೆಗೆ ಸಿಗದ ಸಾಲ

“ಮದುವೆ ಆಗಿದೆಯಲ್ಲಮ್ಮ, ಗಂಡನ ಸಹಿ ಎಲ್ಲಿ?”

ಬ್ಯಾಂಕ್ ಮ್ಯಾನೇಜರ್ ಹೀಗೆ ಕೇಳಿದ್ದು ಸುಷ್ಮಾಳನ್ನು. ಅವಳಿಗೆ ಗಂಡ ಇಲ್ಲ. ಮದುವೆ ಆಗಿಲ್ಲ. ಹೆಣ್ಣು ನೋಡಲು ಕೂಡ ಯಾರೂ ಬಂದಿಲ್ಲ. ಆದರೆ ಅವಳ ಟಿ.ಸಿ.ಯಲ್ಲಿ, ‘ಓದು ಬಿಟ್ಟ ಕಾರಣ’ ಎಂಬಲ್ಲಿ ದುಂಡಗೆ ಬರೆದಿದೆ: ವಿವಾಹ.

ಸುಷ್ಮಾ ನನ್ನ ದೊಡ್ಡಪ್ಪನ ಮಗ ಶಿವಣ್ಣನ ಮಗಳು. ಪಿರಿಯಾಪಟ್ಟಣ ದಾಟಿ ಬೈಲಕುಪ್ಪೆ ಕಡೆಗೆ ಹೋಗುವಾಗ ಸಿಗುವ ಹಳ್ಳಿ ಅವರದು. ಎರಡು ವರ್ಷದ ಹಿಂದೆ ಮೈಸೂರಿನಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿಗೆ ಸೇರಿದ್ದಳು. ಮೊದಲ ಸೆಮಿಸ್ಟರ್ ಮುಗಿಯುವ ಮೊದಲೇ ಬಿಟ್ಟಳು. ಬಿಟ್ಟ ಸೀಟು ಮತ್ತೆ ಸಿಗಲಿಲ್ಲ. ಈಗ ಬೇರೆ ಕಾಲೇಜಿನಲ್ಲಿ ಫುಡ್ ಸೈನ್ಸ್ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ.

ಸೀಟೇನೋ ಸಿಕ್ಕಿತು, ಎಜುಕೇಷನ್ ಲೋನ್ ಸಿಗಲಿಲ್ಲ. ‘ಹಿಂದಿನ ಸ್ನಾತಕೋತ್ತರ ಓದನ್ನು ವಿವಾಹದ ಕಾರಣ ಅರ್ಧಕ್ಕೆ ಬಿಟ್ಟಿರುವುದರಿಂದ ಸಾಲ ನೀಡಲಾಗದು’ ಎಂದು ಬ್ಯಾಂಕು ಬರೆಯಿತು. ಮೇಲ್ಮನವಿ ಸಲ್ಲಿಸಬಹುದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು. ಸಲ್ಲಿಸಿದಳು. ಮೈಸೂರಿನ ರೀಜನಲ್ ಆಫೀಸಿನವರು ಬುಧವಾರ ಬರಹೇಳಿದರು. ಶುಕ್ರವಾರದೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು.

ಮದುವೆಯೇ ಇಲ್ಲದೆ ಟಿ.ಸಿ.ಯೊಳಗೆ ವಿವಾಹ ಹೇಗೆ ಬಂತು? (ನಾನೂ ಇದನ್ನೇ ಕೇಳಿದೆ. ಸ್ವಲ್ಪ ಜೋರಾಗಿಯೇ ಕೇಳಿದೆ.)

ಶಿವಣ್ಣ ಹೊಗೆಸೊಪ್ಪು ಬೆಳೆಯುವವನು. ನಮ್ಮ ಹುಣಸೂರು, ಪಿರಿಯಾಪಟ್ಟಣದವರಿಗೆ ಬ್ಯಾರನ್ ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಮಿಕ್ಕವರಿಗಾಗಿ ಹೇಳುತ್ತೇನೆ. ಅದೊಂದು ಎತ್ತರದ ಮನೆ. ಕಡ್ಡಿಗೆ ಕಟ್ಟಿದ ಹಸಿ ಸೊಪ್ಪನ್ನು ಒಳಗೆ ಅಂತಸ್ತು ಅಂತಸ್ತಾಗಿ ನೇತುಹಾಕಿ, ಕೆಳಗಿನಿಂದ ಉರಿ ಕೊಟ್ಟು ಹದ ಮಾಡುತ್ತಾರೆ. ಉರಿ ಹೆಚ್ಚಾದರೂ ಕೆಟ್ಟಿತು, ಕಡಿಮೆಯಾದರೂ ಕೆಟ್ಟಿತು. ಒಬ್ಬರಲ್ಲ ಒಬ್ಬರು ಕಾಯುತ್ತಲೇ ಇರಬೇಕು. ಸುಷ್ಮಾ ಮೈಸೂರಿಗೆ ಸೇರಿದ ವರ್ಷ ಸೊಪ್ಪು ಏರಿಸುವಾಗ ಶಿವಣ್ಣ ಮೇಲಿನಿಂದ ಬಿದ್ದು ಕಾಲು ಮುರಿದುಕೊಂಡ.

ಆಸ್ಪತ್ರೆಗೆ ಹೋದನಾ? ಎಲ್ಲಿ ಹೋಗುತ್ತಾನೆ! ನಾಟಿ ವೈದ್ಯರ ಹತ್ತಿರ ಬಿದಿರಿನ ದಬ್ಬೆ ಇಟ್ಟು ಕಟ್ಟು ಕಟ್ಟಿಸಿಕೊಂಡ. ಕಾಲು ಕೂಡಿಕೊಂಡಿತು. ಆದರೆ ನಾಟಿ ವೈದ್ಯರು ಚೀಟಿ ಬರೆದುಕೊಡುವುದಿಲ್ಲ, ಎಕ್ಸ್‌ರೇ ತೆಗೆಯುವುದಿಲ್ಲ.

ಸುಷ್ಮಾಗೆ ಫೋನು ಹೋಯಿತು. ಹಾಸ್ಟೆಲಿನಿಂದ ಬಂದವಳು ಅಮ್ಮನ ಜೊತೆ ಬ್ಯಾರನ್ ಮುಂದೆ ಕೂತಳು. ಸೊಪ್ಪಿನ ಸೀಸನ್ ಮುಗಿಯುವಷ್ಟರಲ್ಲಿ ಅವಳ ಅಟೆಂಡೆನ್ಸ್ ಕತೆಯೂ ಮುಗಿದಿತ್ತು.

ಕಾಲೇಜು ಬಿಡುವಾಗ ಕಾರಣ ಬರೆಯಬೇಕಲ್ಲ? ಅಪ್ಪನ ಕಾಲು ಮುರಿದಿದೆ ಎಂದರೆ ಡಾಕ್ಟರ್ ಸರ್ಟಿಫಿಕೇಟ್ ತನ್ನಿ ಎಂದರು. ಎಲ್ಲಿಂದ ತರುವುದು? ಕೆ.ಆರ್. ನಗರದ ಸೀನಿಯರ್ ಹುಡುಗಿಯೊಬ್ಬಳು ಅವಳ ಕಿವಿಯಲ್ಲಿ ಹೇಳಿದಳಂತೆ: “ಮದ್ವೆ ಅಂತ ಬರ್ದುಬುಡು ಕಣೇ. ನಮ್ ಕಡೆ ಎಲ್ರೂ ಅಂಗೇ ಬರಿಯೋದು. ಯಾರೂ ಏನೂ ಕೇಳಕಿಲ್ಲ.”

ಬರೆದಳು. ನಿಜಕ್ಕೂ ಯಾರೂ ಏನೂ ಕೇಳಲಿಲ್ಲ. ಲಗ್ನಪತ್ರಿಕೆ ತೋರಿಸು ಎನ್ನಲಿಲ್ಲ. ಗಂಡು ಯಾವ ಊರು ಎನ್ನಲಿಲ್ಲ. ಕಂಗ್ರಾಟ್ಸ್ ಅಂದರಂತೆ! ಹುಣಸೂರಿನಿಂದ ಎಚ್.ಡಿ. ಕೋಟೆಯವರೆಗೆ ಇಂಥ ಎಷ್ಟು ಹುಡುಗಿಯರು ಟಿ.ಸಿ.ಯಲ್ಲಿ ಮಾತ್ರ ಮದುವೆಯಾಗಿದ್ದಾರೋ, ಯಾರು ಬಲ್ಲರು?

ಬುಧವಾರ ನನ್ನನ್ನೂ ಹೊರಡಿಸಿದರು. “ನೀನು ಪೇಪರ್ನಾಗೆ ಬರೀತೀಯ ಕಣವ್ವ, ನಿನ್ ಮಾತು ನಡೀತದೆ” ಎಂಬುದು ಶಿವಣ್ಣನ ನಂಬಿಕೆ. (ನನ್ನ ಮಾತು ನನ್ನ ಮನೆಯಲ್ಲೇ ನಡೆಯುವುದಿಲ್ಲ ಎಂದು ಅವನಿಗೆ ಗೊತ್ತಿಲ್ಲ.) ಹುಣಸೂರಿನಲ್ಲಿ ನಾನು ಅವರ ಬಸ್ ಹತ್ತಿದೆ. ಬಿಳಿಕೆರೆ ಬರುವ ಹೊತ್ತಿಗೆ ಶಿವಣ್ಣ ತನ್ನ ಪ್ಲಾನ್ ಬಿಚ್ಚಿದ.

“ಮದ್ವೆ ಗೊತ್ತಾಗಿತ್ತು, ನಿಂತೋಯ್ತು ಅನ್ಬುಡು ಮಗ. ಪಾಪ ಅಂತ ಕೊಟ್ಟೇ ಕೊಡ್ತಾರೆ.”

“ಯಾಕ್ ನಿಂತೋಯ್ತು ಅಂತ ಕೇಳುದ್ರೆ?” ಎಂದಳು ಸುಷ್ಮಾ.

“ಗಂಡಿನ ಕಡೆಯೋರು ಸರಿ ಇರ್ನಿಲ್ಲ ಅನ್ನು.”

“ಗಂಡೇ ಇಲ್ಲ, ಗಂಡಿನ ಕಡೆಯೋರು ಬೇರೆ ಕೇಡು!” ಎಂದು ನಾನು ರೇಗಿದೆ.

ಸುಷ್ಮಾ ಕಿಟಕಿ ಕಡೆ ತಿರುಗಿಕೊಂಡಳು. “ಒಂದ್ ಸುಳ್ ಬರ್ದೇ ಇಷ್ಟೆಲ್ಲ ಆಗಿರೋದು ಅಪ್ಪ. ಇನ್ನೊಂದು ಹೇಳಕಿಲ್ಲ ನಾನು.”

“ಅಂಗಾದ್ರೆ ಸೀಟು ಓಯ್ತದೆ.”

“ಓದ್ರೆ ಓಗ್ಲಿ.”

ಬಾಯಲ್ಲಿ ಓಗ್ಲಿ ಅಂದಳು, ಆದರೆ ಎದೆಗೆ ಅವುಚಿಕೊಂಡ ಫೈಲನ್ನು ಮೈಸೂರಿನವರೆಗೂ ಬಿಡಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ನಿಜ ಹೇಳಿದರೆ ಸುಳ್ಳು ಬರೆದವಳೆಂದು ಸಾಲ ಕೊಡುವುದಿಲ್ಲ. ಸುಳ್ಳು ಹೇಳಿದರೆ ‘ಮದುವೆ ಮುರಿದ ಹುಡುಗಿ’ ಎಂಬ ಮಾತು ನಮಗಿಂತ ಮೊದಲು ಊರು ತಲುಪುತ್ತದೆ. ಯಾವ ಕಡೆ ತಿರುಗಿದರೂ ಅವಳಿಗೇ ಏಟು.

ರೀಜನಲ್ ಆಫೀಸಿನ ಅಧಿಕಾರಿಗೆ ನಾನು ಅಂಕಣ ಬರೆಯುವವಳೆಂದು ಪರಿಚಯ ಹೇಳಿಕೊಂಡೆ. “ಹೌದಾ? ನಾನು ಪೇಪರ್ ಓದುವುದಿಲ್ಲ” ಎಂದರು. ಅಲ್ಲಿಗೆ ನನ್ನ ಇನ್‌ಫ್ಲುಯೆನ್ಸ್ ಮುಗಿಯಿತು.

“ಮದುವೆ ಅಂತ ಇದೆ. ಆಗಿದೆಯಾ?” ಎಂದು ಸುಷ್ಮಾಳನ್ನು ಕೇಳಿದರು.

“ಇಲ್ಲ ಸರ್.”

“ನಿಂತುಹೋಯಿತಾ?”

ಅಯ್ಯೋ, ಅವರೇ ದಾರಿ ತೋರಿಸುತ್ತಿದ್ದಾರೆ! ಹೂಂ ಅಂದರೆ ಸಾಕು. ಶಿವಣ್ಣ ಕುರ್ಚಿಯ ತುದಿಗೆ ಬಂದು ಮಗಳ ಮುಖವನ್ನೇ ನೋಡುತ್ತಿದ್ದ. ನಿಜ ಹೇಳುತ್ತೇನೆ, ಆ ಕ್ಷಣದಲ್ಲಿ ನನಗೂ ಅವಳು ಹೂಂ ಅಂದುಬಿಡಲಿ ಎನಿಸಿತು.

“ಇಲ್ಲ ಸರ್. ಮದುವೆ ಗೊತ್ತೇ ಆಗಿರಲಿಲ್ಲ. ಸುಳ್ಳು ಬರೆದೆ.”

ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕಾಲೇಜಿಗೆ ಸುಳ್ಳು ಬರೆದವರು ಬ್ಯಾಂಕಿಗೆ ನಿಜ ಹೇಳುತ್ತೀರಿ ಅಂತ ನಾನು ಹೇಗೆ ನಂಬಲಿ?”

ಅವಳು ಅಪ್ಪ ಬಿದ್ದದ್ದು, ಬ್ಯಾರನ್, ನಾಟಿ ವೈದ್ಯರು, ಎಲ್ಲವನ್ನೂ ಹೇಳಿದಳು. “ಪ್ರೂಫ್ ಏನಿದೆ?” ಎಂದರು. “ಇಲ್ಲ ಸರ್” ಎಂದಳು. ಶಿವಣ್ಣ ಪಂಚೆ ಎತ್ತಿ ಕಾಲು ತೋರಿಸಲು ಎದ್ದೇಬಿಟ್ಟ. ನಾನು ಕೈ ಹಿಡಿದು ಕೂರಿಸಿದೆ.

ಅಧಿಕಾರಿ ಫೈಲು ಮುಚ್ಚಿದರು. ಮುಗಿಯಿತು ಅಂದುಕೊಂಡೆ. ಅಷ್ಟರಲ್ಲಿ ಅವರು ಶಿವಣ್ಣನ ಕಡೆ ತಿರುಗಿದರು. “ನಾಳೆ ಮತ್ತೆ ಹೀಗೇ ಅರ್ಧಕ್ಕೆ ಬಿಟ್ಟರೆ? ಅವತ್ತು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾ? ಗಂಡುಮಕ್ಕಳು?”

“ಮಗ ಅವ್ನೆ ಸಾ. ಡಿಪ್ಲೊಮಾ ಓದ್ತಿದ್ದ.”

“ಅವನನ್ನು ಯಾಕೆ ಕರೆಸಲಿಲ್ಲ?”

“ಅವ್ನ ಓದು ಹಾಳಾಯ್ತದಲ್ಲ ಸಾ.”

ಆಡಿದ ಮಾತು ಶಿವಣ್ಣನಿಗೇ ಕೇಳಿಸಿದ್ದು ಆಮೇಲೆ. ಸುಷ್ಮಾ ಅಪ್ಪನ ಕಡೆ ನೋಡಲಿಲ್ಲ, ಫೈಲಿನ ದಾರವನ್ನು ಬೆರಳಿಗೆ ಸುತ್ತುತ್ತಾ ಇದ್ದಳು. ಅವಳಿಗೆ ಇದೇನೂ ಹೊಸ ಸುದ್ದಿಯಲ್ಲ ಎಂದು ನನಗೆ ಆಗ ಗೊತ್ತಾಯಿತು. ಸಿಟ್ಟು ನೆತ್ತಿಗೇರಿತು. ಅತ್ತುಬಿಡಬೇಕು ಅಂತಲೂ ಅನಿಸಿತು. ಅವಳ ತಮ್ಮ ಮಹೇಶ ಕೆಟ್ಟ ಹುಡುಗನಲ್ಲ ಕಣ್ರೀ. ಬಾ ಅಂದಿದ್ದರೆ ಅವನೂ ಬರುತ್ತಿದ್ದ. ಅವನನ್ನು ಯಾರೂ ಕರೆಯಲೇ ಇಲ್ಲ.

“ಅಂದರೆ ಓದು ಬಿಟ್ಟಿದ್ದು ಇವರಲ್ಲ. ಬಿಡಿಸಿದ್ದು ನೀವು” ಎಂದರು ಅಧಿಕಾರಿ.

ಶಿವಣ್ಣ ಊರಲ್ಲಿ ನಾಲ್ಕು ಜನರಿಗೆ ನ್ಯಾಯ ಹೇಳುವವನು. ತಲೆ ತಗ್ಗಿಸಿ ಅಭ್ಯಾಸವಿಲ್ಲ. ಈಗ ತಗ್ಗಿಸಿ ಹೇಳಿದ: “ಊಂ ಸಾ. ನಾನೇಯ. ಬತ್ತೀನಿ ಅಂತ ಅವ್ಳೇನ್ ಅಂದಿರ್ನಿಲ್ಲ. ಪರೀಕ್ಸೆ ಅದೆ ಅಂದ್ಳು. ನಾನೇ ಬಾ ಅಂದೆ.”

“ಹಾಗಂತ ಬರೆದು ಸಹಿ ಮಾಡಿ ಕೊಡ್ತೀರಾ?”

ಬರೆದುಕೊಟ್ಟ. ನಡುವೆ ಪೆನ್ನು ಕೆಳಗಿಟ್ಟು ಮುಖ ಒರೆಸಿಕೊಂಡ. ಮತ್ತೆ ಬರೆದ. “ನೋಡೋಣ, ಹೋಗಿ ಬನ್ನಿ” ಎಂದಷ್ಟೇ ಹೇಳಿ ಅಧಿಕಾರಿ ಎದ್ದರು.

ಗುರುವಾರ ಫೋನಿಲ್ಲ. ಶುಕ್ರವಾರ ಬೆಳಗ್ಗೆಯೂ ಇಲ್ಲ. ಸುಷ್ಮಾ ಕಾಲೇಜಿನ ಗೇಟಿನ ಹತ್ತಿರ ನಿಂತು ನನಗೆ ಫೋನು ಮಾಡುವುದು, ನಾನು ಬ್ರಾಂಚಿಗೆ ಫೋನು ಮಾಡುವುದು, ಅವರು ಎತ್ತದೇ ಇರುವುದು. ಊಟದ ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದೆ. ಫೀಸಿನ ಕೌಂಟರ್ ಮುಚ್ಚಲು ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ಅವಳ ಫೋನು ಬಂತು. ಅಳುತ್ತಿದ್ದಳು.

“ಸ್ಯಾಂಕ್ಷನ್ ಆಯ್ತು ಅತ್ತೆ. ಫೀಸೂ ಕಟ್ಟಾಯ್ತು.”

ಸಂಜೆ ಶಿವಣ್ಣ ಫೋನು ಮಾಡಿದ. “ಬ್ಯಾಂಕ್ನೋರು ದೇವ್ರಂಗೆ ಕಣವ್ವ. ಮೊದ್ಲು ಇಲ್ಲ ಅಂದ್ರೂ ಇನ್ನೊಂದ್ಸಲ ಕೂರ್ಸಿ ಕೇಳುದ್ರು ನೋಡು” ಎಂದು ಹೊಗಳಿದ್ದೇ ಹೊಗಳಿದ್ದು. ಹೌದು, ಕೇಳಿದರು. ಬ್ಯಾಂಕು ಇಲ್ಲ ಅಂದರೆ ಮೇಲ್ಮನವಿಗೆ ಮೇಲೊಂದು ಆಫೀಸಿದೆ.

ಅಪ್ಪ ‘ಓದು ಸಾಕು, ಬಾ ಮನೆಗೆ’ ಅಂದಾಗ ಆ ಹುಡುಗಿ ಯಾವ ಆಫೀಸಿಗೆ ಮೇಲ್ಮನವಿ ಹಾಕಬೇಕಿತ್ತು?