ಡ್ಯೂಟಿ ಟೈಮಿನಲ್ಲಿ ಬರೆದ ಬುಟ್ಟಿ

ಮೊನ್ನೆ ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ ಪುಂಡಿನಾರಿನ ಕುಂಚವೊಂದು ಸಿಕ್ಕಿತು. ತುದಿಯಲ್ಲಿ ಅಕ್ಕಿಹಿಟ್ಟು ಒಣಗಿ ಕಲ್ಲಾಗಿತ್ತು. ನೀರಿಗೆ ಹಾಕಿದೆ. ಹುಳಿಹುಳಿ ವಾಸನೆ ಎದ್ದಿತು. ಅದರ ಹಿಂದೆಯೇ ಆಯಮ್ಮ...

ಸಾಗರದ ಆಸ್ಪತ್ರೆಯೊಂದರಲ್ಲಿ ನಾನು ಕೌನ್ಸೆಲರ್ ಆಗಿದ್ದೆ, ಆಕೆ ನನ್ನ ರೂಮಿನ ಆಯಾ. ಇಪ್ಪತ್ತು ವರ್ಷ ಜನರ ಸಂಕಟ ಕೇಳಿದ್ದೆ. ಒಂದು ದಿನ ಹೊಸನಗರ ಕಡೆಯ ತಾಯಿಯೊಬ್ಬಳು ಹೊಳೆಯಲ್ಲಿ ಮುಳುಗಿಹೋದ ಮಗಳ ಬಗ್ಗೆ ಹೇಳುತ್ತಿದ್ದಾಗ ನಾನು ಗೋಡೆಯ ಗಡಿಯಾರ ನೋಡುತ್ತಿದ್ದೆ. "ನಿಮ್ಗೆ ಹೊತ್ತಾತೇನೋ ಮೇಡಂ" ಎಂದು ಅವಳು ಅರ್ಧಕ್ಕೇ ಎದ್ದು ಹೋದಳು. ಅವತ್ತೇ ರಾಜೀನಾಮೆ ಬರೆದಿಟ್ಟೆ. ಪುಸ್ತಕಗಳಲ್ಲಿ ಇದಕ್ಕೆ ಕಂಪ್ಯಾಷನ್ ಫಟೀಗ್ ಎನ್ನುತ್ತಾರೆ; ಕರುಣೆಗೇ ಸುಸ್ತಾಗುವುದು. ಹೆಸರು ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಭೂಮಿ ಹುಣ್ಣಿಮೆ ಹತ್ತಿರವಿತ್ತು. ಬಸುರಿ ಭೂಮಿಗೆ ಬಯಕೆಯೂಟ ಬಡಿಸುವ ಹಬ್ಬ. ಆ ಊಟ ಹೊರುವ ಬುಟ್ಟಿಗೆ ಚಿತ್ತಾರ ಬರೆಯಬೇಕು. ಮರುದಿನ ಆಯಮ್ಮ ಕೆಮ್ಮಣ್ಣು ಬಳಿದ ಬುಟ್ಟಿಯನ್ನು ತಂದು ನನ್ನ ಫೈಲುಗಳ ಮೇಲೆಯೇ ಕುಕ್ಕಿ, ಈ ಕುಂಚವನ್ನು ಕೈಗಿಟ್ಟಳು.

"ನಂಗೆ ಡ್ರಾಯಿಂಗ್ ಬರಲ್ಲ ಮಾರಾಯ್ತಿ. ಕಾನ್ವೆಂಟಲ್ಲಿ ಸ್ಕೇಲ್ ಇಲ್ದೆ ಗೆರೆ ಎಳೆದ್ರೆ ಸಿಸ್ಟರ್ ಬೆರಳಿಗೆ ಬಾರಿಸ್ತಿದ್ರು."

"ಆ ಸಿಸ್ಟರು ಇಲ್ಲಿಲ್ಲ, ಎಳೀರಿ. ಭೂಮಿ ವರ್ಷಪೂರ್ತಿ ಉಣ್ಸ್ತದೆ, ಅದ್ಕೂ ನಾವು ಒಂದಿನ ಬಡಿಸ್ತೀವಿ. ನಿಮ್ಗೆ ಯಾರು ಬಡಿಸ್ತಾರೆ?"

ನನ್ನ ಗೆರೆ ಸೊಟ್ಟಗಾಯಿತು. ಒರೆಸಲು ಹೋದರೆ ಕೈ ಹಿಡಿದಳು. ಒರೆಸುವಂತಿಲ್ಲವಂತೆ, ಪಕ್ಕದಲ್ಲೇ ಅಷ್ಟೇ ಸೊಟ್ಟ ಇನ್ನೊಂದನ್ನು ಎಳೆಯಬೇಕಂತೆ. ಎರಡನೆಯದನ್ನು ಎಳೆಯುವಾಗ ಹೊಳೆಯ ಆ ಹುಡುಗಿ ನೆನಪಾದಳು. ಅಳು ಬಂತು... ಎಷ್ಟೋ ತಿಂಗಳ ಮೇಲೆ.

ಅಷ್ಟರಲ್ಲಿ ಬಾಗಿಲಲ್ಲಿ ಮೇಲಧಿಕಾರಿ. "ಏನಮ್ಮ, ಡ್ಯೂಟಿ ಟೈಮಲ್ಲಿ ಕ್ರಾಫ್ಟ್ ಕ್ಲಾಸಾ?"

"ಮೇಡಂಗೆ ಟ್ರೀಟ್‌ಮೆಂಟ್ ನಡೀತಿದೆ ಸಾರ್, ಬಾಗ್ಲು ಹಾಕ್ಕಂಡು ಹೋಗಿ," ಎಂದಳು ಆಯಮ್ಮ, ತಲೆಯೆತ್ತದೆ.

ನಮ್ಮಿಬ್ಬರಿಗೂ ಮೆಮೊ ಬಂತು. ರಾಜೀನಾಮೆ ಹರಿದು ಹಾಕಿ, ಮೆಮೊಗೆ ಕಾನ್ವೆಂಟಿನ ಇಂಗ್ಲಿಷಿನಲ್ಲೇ ಉತ್ತರ ಬರೆದೆ: ಪ್ರತಿ ಶನಿವಾರ ಒಂದು ಗಂಟೆ ಈ ರೂಮಿನಲ್ಲಿ ಬುಟ್ಟಿ ಬರೆಯಲಾಗುವುದು, ಪೇಷಂಟ್ ನಾನೇ. ಗಡಿಯಾರ ಡ್ರಾಯರ್ ಸೇರಿತು. ಆ ತಾಯಿಗೆ ಹೇಳಿಕಳಿಸಿದೆ. ಬಂದಳು. ಈ ಸಲ ಕಡೆಯವರೆಗೂ ಕೇಳಿದೆ. ಶನಿವಾರಗಳಿಗೆ ಒಬ್ಬೊಬ್ಬರೇ ನರ್ಸುಗಳು, ಕೊನೆಗೆ ಸೈಕಿಯಾಟ್ರಿಸ್ಟ್ ಕೂಡ ನೆಲಕ್ಕೆ ಕೂತರು. ಅವರ ಗೆರೆ ನನ್ನದಕ್ಕಿಂತ ಸೊಟ್ಟ.

ಆಯಮ್ಮ ಈಗಿಲ್ಲ, ನಾನೂ ರಿಟೈರಾಗಿದ್ದೇನೆ. ನನ್ನ ರೂಮಿಗೆ ಬಂದಿರುವ ಹೊಸ ಕೌನ್ಸೆಲರ್ ಹೋದ ವಾರ ಫೋನ್ ಮಾಡಿದ್ದಳು, "ಮೇಡಂ, ಯಾರು ಅತ್ರೂ ನಂಗೆ ಏನೂ ಅನ್ನಿಸ್ತಿಲ್ಲ" ಎಂದು. ಶನಿವಾರ ಬುಟ್ಟಿ ಹಿಡಿದು ಹೋಗುತ್ತಿದ್ದೇನೆ. ಪರ್ಮಿಷನ್ ಕೇಳಿಲ್ಲ, ಕೇಳುವುದೂ ಇಲ್ಲ.

ಕುಂಚ ಮೆತ್ತಗಾಗಿದೆ. ಗೆರೆ ಇವತ್ತಿಗೂ ಸೊಟ್ಟವೇ. ಒರೆಸಲು ಹೋಗುವ ಕೈಯನ್ನು ಮಾತ್ರ ಈಗ ನಾನೇ ಹಿಡಿದುಕೊಳ್ಳಬೇಕು...